ಕತ್ತರಿಗೆ ಒಪ್ಪದ ಹಾಳೆ

ಒಬ್ಬ ಕವಯಿತ್ರಿಯ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಎರಡರ ಮೇಲೂ ಅವಳು ಒಂದೇ ಪದ್ಯವನ್ನು ಬರೆದಿದ್ದಳು. ಕತ್ತರಿ ಬಂದು ಮೊದಲ ಹಾಳೆಯ ಪಕ್ಕದಲ್ಲಿ ನಿಂತಿತು.

"ತಾಯೀ, ನಡುವೆ ಒಂದೇ ಒಂದು ಸೀಳು ಕೊಡುತ್ತೇನೆ. ಆಮೇಲೆ ಮಡಚಿದರೆ ನೀನು ಪುಟ್ಟ ಪುಸ್ತಕವಾಗುತ್ತೀ. ಹೊಲಿಗೆ ಬೇಡ, ಅಂಟು ಬೇಡ. ಜನರ ಜೇಬಿನಲ್ಲಿ ಕೂತು ಊರೆಲ್ಲ ಸುತ್ತಬಹುದು."

ಹಾಳೆ ತುಸು ಹಿಂದೆ ಸರಿಯಿತು. ಕತ್ತರಿ ಇಷ್ಟು ಸಿಹಿಯಾಗಿ ಮಾತಾಡಿದ್ದನ್ನು ಅದು ಯಾವತ್ತೂ ಕೇಳಿರಲಿಲ್ಲ.

"ಕತ್ತರಿರಾಯರೇ, ನನ್ನ ಕಿವಿಗೆ ಹೂ ಇಡಬೇಡಿ. ನಿನ್ನೆ ಇಲ್ಲೇ ಮಲಗಿದ್ದ ಪತ್ರಿಕೆಯನ್ನು ಚೂರುಚೂರು ಮಾಡಿದವರು ಯಾರು?"

"ನಾನೇ. ಅದು ಹಳೆಯ ಸುದ್ದಿ, ನೀನು ಪದ್ಯ."

"ಆ ವ್ಯತ್ಯಾಸ ನಿಮ್ಮ ಅಲಗಿಗೆ ಗೊತ್ತೇ?" ಎಂದು ಹಾಳೆ ಸುರುಳಿ ಸುತ್ತಿಕೊಂಡಿತು.

"ನನಗೂ ಭಯವೇ. ಆದರೂ ನನ್ನನ್ನು ಸೀಳು," ಎಂದಿತು ಎರಡನೆಯ ಹಾಳೆ. ಅದು ಪುಸ್ತಕವಾಗಿ, ಮನೆಗೆ ಬಂದವರೊಬ್ಬರ ಜೇಬು ಸೇರಿ ಹೊರಟೇಹೋಯಿತು.

ಮಳೆಗಾಲ ಕಳೆದ ಮೇಲೆ ಪುಸ್ತಕ ಮರಳಿತು. ಮೂಲೆಗಳು ಸವೆದಿದ್ದವು, ಮೈಮೇಲೆ ಚಹಾದ ಕಲೆಯಿತ್ತು, ಅಂಚಿನಲ್ಲಿ ಯಾರೋ ತಮ್ಮದೂ ಎರಡು ಸಾಲು ಸೇರಿಸಿದ್ದರು. ಮೊದಲ ಹಾಳೆ, ಮೇಜು ಕೊಳೆಯಾಗದಿರಲೆಂದು ಕವಯಿತ್ರಿ ಹಾಸಿಟ್ಟಂತೆಯೇ, ಅಂಟಿನ ಡಬ್ಬಿಯ ಅಡಿಯಲ್ಲಿ ಮಲಗಿತ್ತು.

"ಅಯ್ಯೋ ನಿನ್ನ ಗತಿಯೇ!" ಎಂದು ಅದು ಮರುಗಿತು. "ನನ್ನನ್ನು ನೋಡು, ಇವತ್ತಿಗೂ ಒಂದು ಸೀಳಿಲ್ಲ."

"ಸಂತೋಷ. ನಿನ್ನನ್ನು ಯಾರು ಯಾರು ಓದಿದರು?"

ಹಾಳೆ ಡಬ್ಬಿಯ ಅಡಿಯಿಂದಲೇ ಕಣ್ಣು ಕಿರಿದು ಮಾಡಿತು.

"ಯಾಕೆ ಕೇಳುತ್ತೀ? ನಿನ್ನನ್ನು ಕಳಿಸಿದ್ದು ಆ ಕತ್ತರಿ ತಾನೇ?"