ಖಾಲಿ ಕೊಡು, ತುಂಬಿದ್ದು ಒಯ್ಯಿ

ಒಂದು ಕಂಪ್ಯೂಟರಿನ ಹೆಬ್ಬಾಗಿಲಲ್ಲಿ ಒಬ್ಬ ಮುದಿ ಡ್ರೈವರ್ ಇದ್ದ, ಗಾಡಿ ಓಡಿಸೋನಲ್ಲ. ತಂತೀಲಿ ಹರಿದು ಬರೋ ಸುದ್ದೀನ ಬಟ್ಟಲಲ್ಲಿ ಹಿಡಿದು ಒಳಗೆ ಕೊಡೋದು ಅವನ ಕೆಲಸ. ಇದ್ದಿದ್ದು ಎಂಟೇ ಬಟ್ಟಲು. ಒಳಗೆ ಪರದೆ ಮೇಲೆ ಚಿತ್ರ ಓಡಿಸೋ ವಿಡಿಯೋರಾಯ ತುಂಬಿದ್ದನ್ನೆಲ್ಲ ಇಸ್ಕೊಂಡು, ಅರ್ಧಂಬರ್ಧ ಬಳಸಿ ಪಕ್ಕಕ್ಕೆ ಪೇರಿಸಿ ಕೂತುಬಿಡೋನು. ಇತ್ತ ಬಾಗಿಲಲ್ಲಿ ಸುದ್ದಿ ನೆಲಕ್ಕೆ ಚೆಲ್ಲೋದು.

"ಇನ್ನೊಂದು ಹನಿ ಚೆಲ್ಲಿದ್ರೆ ನಿನ್ನ ಕಿತ್ತು ಹೊಸಬನ್ನ ಹಾಕ್ತೀನಿ," ಅಂದ ಕಂಪ್ಯೂಟರಿನ ಯಜಮಾನ.

"ನೂರು ಬಟ್ಟಲು ಕೇಳಜ್ಜ," ಅಂತು ತಂತಿ ಸಿಕ್ಕಿಸೋ ಬಾಗಿಲ ಕಾರ್ಡು.

"ನೂರು ಕೊಟ್ರೆ ನೂರೂ ಪೇರಿಸ್ತಾನೆ, ಸುಮ್ನಿರು," ಅಂದ ಮುದುಕ.

ಅಷ್ಟರಲ್ಲಿ ಸುದ್ದಿ ಹೊಳೆ ಬಂದಂಗೆ ಬಂತು. ಏಳು ಬಟ್ಟಲು ಒಳಗೆ, ಉಳಿದ ಒಂದು ಕಂಠಮಟ್ಟ ತುಂಬ್ತಿತ್ತು. ವಿಡಿಯೋರಾಯ ಅದಕ್ಕೂ ಕೈ ಚಾಚಿದ.

ಮುದುಕ ಅಡ್ಡ ನಿಂತ. "ಗ್ಯಾಸ್ ಸಿಲಿಂಡರ್ ತಗೊಳೋವಾಗ ಏನ್ ಮಾಡ್ತಾರಯ್ಯ? ಖಾಲಿ ಕೊಡು, ತುಂಬಿದ್ದು ಒಯ್ಯಿ."

"ನಾನ್ಯಾರು ಗೊತ್ತಾ?"

"ಗೊತ್ತು, ಬಟ್ಟಲು ಬಚ್ಚಿಡೋನು!"

ಹೊಸ ಸುದ್ದಿ ಸಿಗದೆ ಪರದೆ ಮೇಲೆ ಚಿತ್ರ ನಿಂತೇಹೋಯ್ತು. ವಿಡಿಯೋರಾಯ ಬೆವೆತು, ದಡಬಡ ಖಾಲಿ ಮಾಡಿ ಏಳನ್ನೂ ವಾಪಸ್ ಕೊಟ್ಟ. ಅಲ್ಲಿಂದ ಬಟ್ಟಲುಗಳು ರಾಟೆ ತಿರುಗಿದಂಗೆ ತಿರುಗಿದ್ವು. ಹೊಳೆ ಪೂರ್ತಿ ಹರೀತು, ಒಂದು ಹನೀನೂ ನೆಲ ಕಾಣಲಿಲ್ಲ.

ಯಜಮಾನ ಓಡಿ ಬಂದ. "ಹೊಸ ಬಟ್ಟಲು ಎಷ್ಟು ತಗೊಂಡೆ?"

ಮುದುಕ ಮೀಸೆ ತಿರುವಿ ಎರಡು ಬಟ್ಟಲು ಅವನ ಕೈಗಿಟ್ಟ. "ಆರೇ ಸಾಕಾಯ್ತು. ಇವು ಮಿಕ್ಕವು, ಒಯ್ಯಪ್ಪ."