ನಾಲಗೆಯಿಲ್ಲದ ಗಂಟೆಯ ಗುಡ್ಡ

ಗಂಟೆ ಬಾರಿಸುವ ಮುನ್ನ ಯಾರೂ ದ್ರಾಕ್ಷಿ ಕೊಯ್ಯಕೂಡದು. ತೋಟ ತನ್ನದೇ ಆಗಿರಲಿ, ಹಣ್ಣು ಬಳ್ಳಿಯಲ್ಲೇ ಕೊಳೆಯುತ್ತಿರಲಿ, ಕೂಡದೆಂದರೆ ಕೂಡದು. ಮಾರ್ನೆಲ್ ಎಂಬ ಊರಿನ ಕಟ್ಟಳೆ ಇದು. ಆ ಊರೇ ಸೇರಿ ಇದನ್ನು ಮುರಿಯಿತು. ಇಂದು ಅಲ್ಲಿ ಕೊಯ್ಯಲು ದ್ರಾಕ್ಷಿಯೇ ಇಲ್ಲ. ಪ್ಯಾರಿಸ್ಸಿನಿಂದ ಪೂರ್ವಕ್ಕೆ ಹೊರಡುವ ಲೋಕಲ್ ರೈಲು ಮಾರ್ನ್ ನದಿಯ ಸೇತುವೆ ದಾಟಿದೊಡನೆ ಸಿಗುವ ಉಪನಗರ ಅದು: ಬೂದು ಬಣ್ಣದ ಅಪಾರ್ಟ್‌ಮೆಂಟುಗಳು, ಟೈರಿನಂಗಡಿ, ಸದಾ ಗಲಾಟೆಯ ಒಂದು ಶಾಲೆ, ಬೆಳಗಿನ ರೈಲಿಗೆ ಓಡುವ ಜನ. ಸ್ಟೇಷನ್ನಿನ ಹಿಂದೆ ಏರುವ ದಿಬ್ಬಕ್ಕೆ ಬ್ಯೂತ್ ಸಾಂ-ಬತ್ತಾಂ ಎಂದು ಹೆಸರು. ಅಲ್ಲಿಗೆ ಹೋಗುವ ಬಸ್ಸಿನ ಹಣೆಯ ಮೇಲೂ ಅದೇ ಬರಹ. ನಾಲಗೆಯಿಲ್ಲದ ಗುಡ್ಡ ಎಂದರ್ಥ. ನಾಲಗೆಯೆಂದರೆ ಗಂಟೆಯೊಳಗೆ ತೂಗುವ ಕಬ್ಬಿಣದ ನಾಲಗೆ. ದಿನವೂ ಆ ಬಸ್ಸು ಹತ್ತುವವರಲ್ಲಿ ಹೆಸರಿನ ಕಾರಣ ಕೇಳುವವರು ಅಪರೂಪ. ಕೇಳಿದವರಿಗೆ ಊರಿನ ಹಳಬರು ಅರ್ಧ ಹೆಮ್ಮೆಯಿಂದ, ಅರ್ಧ ನಾಚಿಕೆಯಿಂದ ಈ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಫ್ರಾನ್ಸಿಗೆ ಇನ್ನೂ ರಾಜರಿದ್ದ ಕಾಲದಲ್ಲಿ, ದಿಬ್ಬದ ತುದಿಯಿಂದ ನದಿಯ ಅಂಚಿನವರೆಗೂ ದ್ರಾಕ್ಷಿಯೇ ದ್ರಾಕ್ಷಿ. ತೋಟ ರೈತರದು, ಮೇಲಿನ ಅಧಿಕಾರ ನದಿಯಾಚೆಯ ಮಠದ್ದು. ದಿಬ್ಬದ ನೆತ್ತಿಯ ಗೋಪುರದಲ್ಲಿದ್ದ ಗಂಟೆಗೆ ಎರಡೇ ಕೆಲಸ. ಒಂದು, ವರ್ಷಕ್ಕೊಮ್ಮೆ ಕುಯ್ಲಿನ ದಿನ ಸಾರುವುದು. ಇನ್ನೊಂದು, ಯಾರಿಗಾದರೂ ದಂಡನೆಯಾದಾಗ ಊರನ್ನು ಕೂಡಿಸುವುದು. ಆ ಗಂಟೆಯ ಸದ್ದಾಗದೆ ಮಾರ್ನೆಲ್‌ನಲ್ಲಿ ಯಾರ ಮೈಗೂ ಶಿಕ್ಷೆ ಮುಟ್ಟಿಸುವಂತಿರಲಿಲ್ಲ. ಕುಯ್ಲಿನ ಗಂಟೆಯಾಯಿತೆಂದರೆ ಯಜಮಾನರು ಮುಂದೆ, ತುಂಡು ನೆಲವೂ ಇಲ್ಲದ ಬಡವರು ಹಿಂದೆ. ಬುಟ್ಟಿಯಿಂದ ಉದುರಿದ್ದು, ಎಲೆಯ ಮರೆಯಲ್ಲಿ ಉಳಿದದ್ದು, ಎಲ್ಲ ಅವರ ಹಕ್ಕಲು. ಗಂಟೆಯಾದ ಮೇಲೆ ಆಯ್ದರೆ ಹಕ್ಕಲು, ಅದಕ್ಕೆ ಮೊದಲು ಆಯ್ದರೆ ಕಳವು. ಕಳವಿಗೆ ಹೆಗಲ ಮೇಲೆ ಕಾದ ಕಬ್ಬಿಣದ ಬರೆ, ಆಮೇಲೆ ಊರಿನಿಂದ ಗಡೀಪಾರು.

ಆ ಗಂಟೆಯನ್ನು ಕಾಯುತ್ತಿದ್ದವನು ಎವ್ರಾರ್. ಅವನಪ್ಪನೂ ಅದನ್ನೇ ಕಾದವನು. ಗೋಪುರದ ಬುಡದ ಮನೆ ಆ ಕೆಲಸದ ಜೊತೆಗೆ ಬಂದದ್ದು. ಪಕ್ಕದಲ್ಲಿ ಸೆರಗಿನಷ್ಟಗಲದ ಸ್ವಂತ ತೋಟವೂ ಇತ್ತು. ಅವನದು ಮಾತು ಕಡಿಮೆ, ಹಟ ಹೆಚ್ಚು. ಆ ವರ್ಷ ಹಣ್ಣು ಪೂರ್ತಿ ಮಾಗುವ ಮೊದಲೇ ಸುದ್ದಿಯೊಂದು ಹಬ್ಬಿತು: ಪ್ಯಾರಿಸ್ಸಿಗೆ ಹೊರಟ ದಂಡು ಈ ದಾರಿಯಲ್ಲೇ ಬರುತ್ತದೆ, ಕುದುರೆಗಳು ತೋಟ ತುಳಿಯುತ್ತವೆ. ಬೇಗ ಗಂಟೆ ಬಾರಿಸೆಂದು ಊರವರು ಅಂಗಲಾಚಿದರು. ಮಠದ ಅಪ್ಪಣೆ ಬರಲಿ ಎಂದ ಎವ್ರಾರ್. ಮಾರನೆಯ ಮುಂಜಾನೆ ನದಿಯಿಂದ ಮಂಜು ಏರಿತು. ಆ ಮಂಜಿನಲ್ಲಿ ಒಬ್ಬೊಬ್ಬನೂ ತಾನೊಬ್ಬನೇ ಕಳ್ಳನೆಂದುಕೊಂಡು ತನ್ನ ತೋಟಕ್ಕೆ ತಾನೇ ನುಗ್ಗಿದ. ಸ್ವಲ್ಪ ಹೊತ್ತಿಗೆ ಬುಟ್ಟಿಗೆ ಬುಟ್ಟಿ ತಾಗಿತು. ನೀನೂ ಬಂದೆಯಾ ಎಂದು ಮುಖ ಮುಖ ನೋಡಿ ನಕ್ಕರಂತೆ. ಆಮೇಲೆ ನಾಚಿಕೆ ಬಿಟ್ಟು ದಿಬ್ಬವನ್ನೇ ಬೋಳಿಸಿದರು ಎನ್ನುತ್ತಾರೆ. ಮಂಜು ಹರಿದಾಗ ಎವ್ರಾರನ ತೋಟವೂ ಬೋಳು. ಕೊಯ್ದವಳು ಅವನ ಹೆಂಡತಿ ಮಾರ್ಗೊ. ಊರಿಗಾದದ್ದು ನಮಗೂ ಆಗಲಿ ಅಂದಳು ಅವಳು. ಎವ್ರಾರ್ ಅಂದು ಊಟಕ್ಕೆ ಏಳಲಿಲ್ಲ.

ದಂಡು ಬರಲಿಲ್ಲ. ಬಂದವನು ಮಠದ ಪಾರುಪತ್ಯಗಾರ, ಕುಯ್ಲಿನ ಅಪ್ಪಣೆ ಹಿಡಿದುಕೊಂಡು. ಬೋಳು ದಿಬ್ಬವನ್ನು ಕಂಡು ಊರನ್ನು ಗೋಪುರದ ಮುಂದೆ ಕರೆಸಿದ. ಅತಿ ದೊಡ್ಡ ತೋಟದ ಧಣಿ ಮಾತ್ಯುರಾಂ ಮುಂದೆ ಬಂದು ದ್ರಾಕ್ಷಿ ಕಳುವಾಯಿತೆಂದ. ಮಠದ ಪಾಲಿನ ದ್ರಾಕ್ಷಾರಸಕ್ಕೆ ಮಾತ್ರ ಹನಿಯಷ್ಟೂ ಕೊರತೆಯಾಗದು ಎಂದೂ ಸೇರಿಸಿದ. ಕಳುವಾದ ಹಣ್ಣಿನ ರಸ ಎಲ್ಲಿಂದ ಬರುತ್ತದೆಂದು ಪಾರುಪತ್ಯಗಾರ ಕೇಳಲಿಲ್ಲ. ರಸ ತೆಗೆಯಲು ಹಣ್ಣು ತುಳಿದ ಕಾಲಿನ ಕೆಂಪು ವಾರವಾದರೂ ಹೋಗುವುದಿಲ್ಲ. ಆ ಬಿರುಬಿಸಿಲಿನಲ್ಲಿ ಊರಿಗೆ ಊರೇ ಉಣ್ಣೆಯ ಕಾಲುಚೀಲ ತೊಟ್ಟು ನಿಂತಿತ್ತು. ಅದನ್ನೂ ಅವನು ನೋಡಲಿಲ್ಲ. ಅವನಿಗೆ ಬೇಕಾದದ್ದು ಒಬ್ಬ ಕಳ್ಳ, ಅಷ್ಟೆ. ಊರು ಪೆರಿನ್ ಎಂಬ ಅಗಸಗಿತ್ತಿಯನ್ನು ಹಿಡಿದುಕೊಟ್ಟಿತು. ಗಂಡನಿಲ್ಲ, ನೆಲವಿಲ್ಲ. ಆ ಮಂಜಿನ ಮುಂಜಾನೆ ಅವಳು ನದಿಯಲ್ಲಿ ಬಟ್ಟೆ ಬಡಿಯುತ್ತಿದ್ದಾಗ ದಿಬ್ಬದಿಂದ ತುಂಬಿದ ಬುಟ್ಟಿಗಳು ಇಳಿಯುವುದನ್ನು ಕಂಡಿದ್ದಳು. ಬಡಿತದ ಸದ್ದಿನಲ್ಲಿ ಗಂಟೆ ತನಗೆ ಕೇಳಿಸದೆ ಹೋಯಿತೆಂದುಕೊಂಡು, ಪ್ರತಿ ವರ್ಷದಂತೆ ಹಕ್ಕಲಿಗೆ ಓಡಿದ್ದಳು. ಅವಳ ಮಡಿಲಿಗೆ ಸಿಕ್ಕಿದ್ದು ಮೂರು ನಾಲ್ಕು ಜೊಳ್ಳು ಗೊಂಚಲು.

ಅವಳು ಅಳಲಿಲ್ಲ. ಮಾತ್ಯುರಾಂನ ಕಡೆ ತಿರುಗಿ ನಿಂತಳು. "ನಿಮ್ಮ ಬೆನ್ನಿಂದೇನೇ ಬಂದೆನಲ್ಲ ಧಣಿ, ನಿಮ್ಮ ಬುಟ್ಟಿಯಿಂದ ಉದುರಿದ್ದನ್ನೇ ಆಯ್ದೆ. ನಾನು ಕಳ್ಳಿಯಾದರೆ ನೀವೇನಾದಿರಿ? ಎಲ್ಲಿ, ಆ ಕಾಲುಚೀಲ ಒಂದಿಷ್ಟು ಕೆಳಗಿಳಿಸಿ, ನೋಡೋಣ."

ಯಾರೂ ನಗಲಿಲ್ಲ. ನೆಲವಿಲ್ಲದವಳ ಮಾತು ಸಾಕ್ಷಿಯಲ್ಲ, ನೆಲವುಳ್ಳ ಇಬ್ಬರು ಹೇಳಬೇಕು ಎಂದ ಪಾರುಪತ್ಯಗಾರ. ಎವ್ರಾರ್ ಮುಂದೆ ಬಂದು, ತಾನು ಗಂಟೆ ಬಾರಿಸಲಿಲ್ಲ, ಊರೆಲ್ಲ ಕೊಯ್ದಿತು, ತನ್ನ ಮನೆಯವಳೂ ಕೊಯ್ದಳು ಎಂದು ಬಿಡಿಸಿ ಹೇಳಿದ. ಇನ್ನೊಬ್ಬ ಯಾರು ಎಂಬ ಪ್ರಶ್ನೆ ಬಂತು. ಎವ್ರಾರ್ ಒಂದೊಂದೇ ಮುಖ ನೋಡಿದ. ಒಂದೊಂದೇ ಮುಖ ಬಾಗಿತು. ಕೊನೆಗೆ ಮಾರ್ಗೊಳನ್ನು ನೋಡಿದ. ಅವಳ ತುಟಿ ಅಲುಗಿತು. ಆಮೇಲೆ ಅವಳ ಮುಖವೂ ಬಾಗಿತು.

ಬೆಂಕಿ ಹಾಕಿದರು, ಕಬ್ಬಿಣ ಇಟ್ಟರು. ಪೆರಿನ್‌ಳ ಹೆಗಲ ಬಟ್ಟೆ ಸರಿಸಿದರು. ಗಂಟೆ ಬಾರಿಸೆಂದು ಅಪ್ಪಣೆಯಾಯಿತು. ಎವ್ರಾರ್ ಕದಲಲಿಲ್ಲ. ಮಾತ್ಯುರಾಂ ಅವನ ಕಿವಿಯ ಬಳಿ ಬಂದ.

"ನಿನ್ನ ಕೆಲಸ ಹಗ್ಗ ಎಳೆಯೋದಪ್ಪ. ಯಾಕೆ ಎಳೀತಿ ಅಂತ ಹಗ್ಗ ಕೇಳುತ್ತಾ? ಸುಮ್ಮನೆ ಎಳಿ. ಮನೆ ಉಳಿಯುತ್ತೆ."

"ಕುಯ್ಲಿಗೆ ಬಾರಿಸದ ಗಂಟೆ ಇದು," ಎಂದ ಎವ್ರಾರ್. "ಇವಳ ಹೆಗಲಿಗೂ ಬಾರಿಸೋದಿಲ್ಲ."

ನೀನಲ್ಲದಿದ್ದರೆ ಇನ್ನೊಬ್ಬ ಎಳೆಯುತ್ತಾನೆ, ಸಂಜೆಯೊಳಗೆ ಮನೆ ಖಾಲಿ ಮಾಡು ಎಂದ ಪಾರುಪತ್ಯಗಾರ. ಎವ್ರಾರ್ ತಲೆಯಾಡಿಸಿ ಗೋಪುರದೊಳಗೆ ಹೋದ. ಒಳಗಿನಿಂದ ಅಗಳಿ ಬಿದ್ದದ್ದು ಕೇಳಿಸಿತು. ಮನೆ ಹೋಗುವ ಹೆದರಿಕೆಗೆ ಬಗ್ಗಿದ ಎಂದುಕೊಂಡರು ಜನ. ಕಬ್ಬಿಣ ಕೆಂಪಾಯಿತು. ಎಲ್ಲರೂ ಮೇಲೆ ನೋಡುತ್ತ ಕಾದರು. ಕಬ್ಬಿಣ ಬಿಳುಪಿಗೆ ತಿರುಗಿತು, ಗಂಟೆ ನುಡಿಯಲಿಲ್ಲ.

ಆ ಗೋಪುರ ಈಗಲೂ ಇದೆ, ಕಾರು ನಿಲ್ಲಿಸುವ ಬಯಲಿನ ನಡುವೆ. ಹೋದವರು ಅದರ ಕೆಳಗೆ ನಿಂತು ಕತ್ತೆತ್ತಿದರೆ ಗಂಟೆಯ ಒಳಗಿನ ಕತ್ತಲೂ ತುಕ್ಕು ಹಿಡಿದ ಒಂದು ಕೊಂಡಿಯೂ ಕಾಣುತ್ತವೆ. ಹೊಸ ನಾಲಗೆ ಹಾಕಿಸುತ್ತೇವೆಂದು ನಗರಸಭೆ ಒಮ್ಮೆ ಹೊರಟಿತ್ತಂತೆ. ಗುಡ್ಡದವರೇ ಬೇಡವೆಂದರು ಎನ್ನುತ್ತಾರೆ.

ಅಂದು ಕೊನೆಗೆ ಆ ಗೋಪುರದ ಅಗಳಿ ತೆರೆಯಿತು. ಎವ್ರಾರ್ ಹೊರಗೆ ಬಂದ; ಮಗುವಿನಷ್ಟುದ್ದದ ಕಬ್ಬಿಣದ ನಾಲಗೆ ಅವನ ಹೆಗಲ ಮೇಲಿತ್ತು. ಅದರ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿಕೊಂಡೇ ಬೆಂಕಿಯನ್ನೂ ಪಾರುಪತ್ಯಗಾರನನ್ನೂ ಹಾದ, ಮಾರ್ಗೊಳ ಮುಂದೆ ಒಂದು ಗಳಿಗೆ ನಿಂತ, ಮತ್ತೆ ನಡೆದ. ತಡೆಯಲು ಒಂದು ಕೈಯೂ ಮುಂದೆ ಬರಲಿಲ್ಲ. ಗಂಟೆ ನುಡಿಯದೆ ಪೆರಿನ್‌ಳ ಹೆಗಲಿಗೆ ಕಬ್ಬಿಣ ಮುಟ್ಟಿಸುವಂತಿರಲಿಲ್ಲ. ಬೋಳು ಬಳ್ಳಿಗಳ ನಡುವೆ ದಿಬ್ಬ ಇಳಿದು, ಪೆರಿನ್ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ದಾಟಿ, ಸೊಂಟದವರೆಗೆ ನೀರಿಗಿಳಿದು, ಹೊಳೆಯ ಸೆಳವು ಕಾಲಿಗೆ ತಾಕಿದ ಕಡೆ ಅದನ್ನು ಹೆಗಲಿನಿಂದ ಇಳಿಸಿ ಕೈಬಿಟ್ಟ.