ದೊಡ್ಡಿಯ ತೊಟ್ಟಿ

ಪರರ ಬೆಳೆಗೆ ಬಾಯಿ ಹಾಕಿದ ಕರುಗಳನ್ನು ಕೂಡಿಹಾಕುವ ದೊಡ್ಡಿಗೆ ನಾಯಿ ಕಾವಲಿತ್ತು. ಒಂದು ದಿನ ಆನೆ ತಪಾಸಣೆಗೆ ಬಂತು. ಅಂದು ಮಾತ್ರ ತೊಟ್ಟಿ ತುಂಬಿತ್ತು.

“ದಿನವೂ ನೀರು ಸಿಗುತ್ತದೆಯೇ, ಮಗು?” ಎಂದು ಆನೆ ಒಂದು ಕೆಂಚು ಕರುವನ್ನು ಕೇಳಿತು.

ಆನೆಯ ಬೆನ್ನ ಹಿಂದೆ ನಾಯಿ ಹಲ್ಲು ಮಸೆಯಿತು.

“ಸಿಗುತ್ತದೆ, ಅಜ್ಜ,” ಎಂದಿತು ಕರು.

“ಸರಿ, ಈಗ ಎಲ್ಲರೂ ಕುಡಿಯಿರಿ.”

ಕರುಗಳು ಮುಗಿಬಿದ್ದವು. ತೊಟ್ಟಿಯ ತಳ ಕಾಣುವವರೆಗೂ ಒಂದೂ ತಲೆ ಎತ್ತಲಿಲ್ಲ.

ಆನೆ ನಾಯಿಯತ್ತ ತಿರುಗಿತು.

“ತಪ್ಪು ಮಾಡಿ ಬಂದವು, ಒಡೆಯ. ಇವಕ್ಕೆ ಉಪಚಾರ ಬೇರೆ ಕೇಡು!” ಎಂದಿತು ನಾಯಿ.

“ಕೂಡಿಹಾಕಿದ್ದೇ ಇವುಗಳಿಗೆ ಶಿಕ್ಷೆ. ಬಾಯಾರಿಕೆ ನೀನು ಸೇರಿಸಿದ್ದು. ನಾಳೆಯಿಂದ ನಿನಗೂ ಈ ತೊಟ್ಟಿಯದೇ ನೀರು.”

ಮರುದಿನ ಹೊತ್ತು ಹುಟ್ಟುವ ಮೊದಲೇ ತೊಟ್ಟಿ ತುಂಬಿತ್ತು.